ಕಟಕೋಳದ ಜೀಪಿನ ಹಿಂದಿನ ಗ್ಲಾಸು

ಬೈಲಹೊಂಗಲದಲ್ಲಿ ಇಂದ್ರವ್ವನ ಸೂಜಿಗೆ ಬಗ್ಗದ ಕ್ಯಾನ್ವಾಸ್ ಇಲ್ಲ, ಅವಳ ಬಾಯಿಗೆ ಹೆದರದ ಗಿರಾಕಿ ಇಲ್ಲ. ಜೀಪಿನ ಹುಡ್ಡು, ಅಂದರೆ ಕ್ಯಾನ್ವಾಸಿನ ಮೇಲ್ಹೊದಿಕೆ, ಹೊಲಿಯುವ ಅಂಗಡಿ ಅವಳದು. ಹಾಕಿದವನು ಮಾವ ಅಂದಾನೆಪ್ಪ. ಗಂಡನಿಗೆ ಹೊಲಿಗೆ ಒಲಿಯಲಿಲ್ಲ, ಲಾರಿ ಹತ್ತಿಬಿಟ್ಟ. ಮಾವ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷದಿಂದ ಮಶೀನಿನ ಮುಂದೆ ಕೂತವಳು ಇವಳೇ. ಕಿತ್ತೂರು, ಸವದತ್ತಿ, ರಾಮದುರ್ಗ, ಯಾವ ಕಡೆಯವರೇ ಆಗಲಿ, ಹಳೆಯ ಜೀಪು ಇಟ್ಟುಕೊಂಡವರು ‘ಇಂದ್ರವ್ವನ ಹುಡ್ಡು’ ಎಂದೇ ಹೇಳುವುದು. ಹೊಲವಿಲ್ಲ, ಮನೆ ಬಾಡಿಗೆಯದು, ಆ ಹೆಸರೊಂದೇ ಅವಳ ಆಸ್ತಿ. ಅದರ ಮೇಲೆ ಯಾರಾದರೂ ಉಗುಳಿದರೆ ಸುಮ್ಮನೆ ಬಿಟ್ಟಾಳೆಯೇ?

ಆ ದಿನ ಉಗುಳಿದವನು ಕಟಕೋಳದ ಸುನೀಲ. ಅಂಗಡಿಯ ಮುಂದೆ ಜೀಪು ಗಕ್ಕನೆ ನಿಲ್ಲಿಸಿ, ಇಳಿಯುವ ಮೊದಲೇ ಶುರು ಹಚ್ಚಿಕೊಂಡ.

“ಇಂದ್ರವ್ವಾ, ಹೊರಗ ಬಾ! ನೀ ಹಾಕಿಕೊಟ್ಟ ಗ್ಲಾಸಿನಿಂದ ನಮ್ಮಪ್ಪನ ಕಾಲ ಮುರದೈತಿ!”

ಮುಂದಿನ ಸೀಟಿನಲ್ಲಿ ಅವನ ಅಪ್ಪ ಪರಸಪ್ಪ ಕೂತಿದ್ದ, ಮೊಣಕಾಲಿನ ತನಕ ಪ್ಲಾಸ್ಟರು. ಮಗನ ಬಾಯಿ ಕೇಳಲಾರದೆ ಮುದುಕ ಮುಖ ಆಚೆ ತಿರುಗಿಸಿಕೊಂಡ.

ಆದದ್ದು ಇಷ್ಟು. ನಾಲ್ಕು ತಿಂಗಳ ಹಿಂದೆ ಇದೇ ಜೀಪಿನ ಹುಡ್ಡಿಗೆ ಇಂದ್ರವ್ವ ಹಿಂದುಗಡೆ ಹೊಸ ಪ್ಲಾಸ್ಟಿಕ್ ಕಿಟಕಿ ಹಾಕಿಕೊಟ್ಟಿದ್ದಳು. ಗ್ಲಾಸು ಎಂದು ಎಲ್ಲರೂ ಅನ್ನುವುದು ಅದಕ್ಕೇ. ಅದು ಬರಬರುತ್ತ ಮಬ್ಬಾಯಿತು. ಹೋದ ವಾರ ಅಂಗಳದಲ್ಲಿ ಸುನೀಲ ಜೀಪು ಹಿಂದಕ್ಕೆ ತೆಗೆದ, ಅಪ್ಪ ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ.

ಇಂದ್ರವ್ವನಿಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿ ಕತ್ತರಿ ಹಿಡಿದೇ ಬೀದಿಗೆ ಬಂದಳು.

“ಕುಣಿಯಾಕ ಬರಲಾರದಾಕಿ ನೆಲ ಡೊಂಕ ಅಂದ್ಲಂತ! ಬದಿಗೆ ಕನ್ನಡಿ ಇಲ್ಲೇನಲೇ?”

“ಬದಿ ಕನ್ನಡ್ಯಾಗ ಬದಿ ಕಾಣಸ್ತೈತಿ. ಹಿಂದ ಕುಂತವರು ಕಾಣಸ್ತಾರೇನು?”

ಅವಳು ಹಿಂದಕ್ಕೆ ಹೋಗಿ ನೋಡಿದಳು. ತಾನೇ ಹಾಕಿದ ಗ್ಲಾಸು, ಮಜ್ಜಿಗೆ ಚೆಲ್ಲಿದಂತೆ ಮಂಕಾಗಿತ್ತು. ಸಿಟ್ಟು ಇನ್ನೊಂದು ಮೊಳ ಏರಿತು.

“ಏನ್ ಹಚ್ಚಿ ಒರಿಸೀದಿ ಇದನ್ನ? ಥಿನ್ನರ? ಪೆಟ್ರೋಲ?”

“ನೀರ ಬಿಟ್ಟು ಏನೂ ಮುಟ್ಟಿಸಿಲ್ಲ. ನಿನ್ನ ಮಾಲ ಖೊಟ್ಟಿ ಐತಿ!”

ಖೊಟ್ಟಿ! ಇಂದ್ರವ್ವನ ಮಾಲು ಖೊಟ್ಟಿಯಂತೆ! ಬೀದಿಯಲ್ಲಿ ಆಗಲೇ ಹತ್ತು ಜನ ಕೂಡಿದ್ದರು. ಎದುರಿನ ಪಂಕ್ಚರ್ ಅಂಗಡಿಯ ನಿಂಗರಾಜ ಕೈಯ ಕೆಲಸ ಬಿಟ್ಟು ಬಂದು ನಿಂತಿದ್ದ. ಅವಳು ಹುಡ್ಡಿನ ಹಿಂದಿನ ಪರದೆ ಬಿಚ್ಚಿ, ಮೇಜಿನ ಮೇಲೆ ಎಸೆದು, ಬ್ಲೇಡಿನಿಂದ ಹೊಲಿಗೆ ಸರ್ರನೆ ಬಿಚ್ಚಿದಳು. ಗ್ಲಾಸಿನ ಅಂಚು ಎರಡು ಬೆರಳಷ್ಟು ಕ್ಯಾನ್ವಾಸಿನ ಮಡಿಕೆಯೊಳಗೆ ಹೋಗಿರುತ್ತದೆ. ಆ ಅಂಚು ಮಾತ್ರ ಹೊಸದರಂತೆ ತಿಳಿಯಾಗಿತ್ತು. ಇಂದ್ರವ್ವ ಅದನ್ನು ಬಿಸಿಲಿಗೆ ಎತ್ತಿ ಹಿಡಿದಳು.

“ನೋಡ್ರಿ ಎಲ್ಲಾರೂ! ಒಂದ ಹಾಳಿ. ಹೊಲಿಗಿ ಒಳಗಿದ್ದದ್ದು ಬಾವಿ ನೀರಿನಂಗ ಐತಿ, ಹೊರಗಿದ್ದದ್ದು ಮಬ್ಬ. ಮಾಲ ಖೊಟ್ಟಿ ಇದ್ರ ಎರಡೂ ಕೆಡಬೇಕಲ್ಲ? ಇದಕ್ಕ ಯಾರೋ ಏನೋ ಹಚ್ಚ್ಯಾರ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು?”

“ಇಂದ್ರವ್ವ ಹೇಳೂದು ಖರೇ ಐತಿ ನೋಡಪಾ,” ಅಂದ ನಿಂಗರಾಜ. ಉಳಿದವರೂ ತಲೆ ಆಡಿಸಿದರು.

ಸುನೀಲ ಇಂಗು ತಿಂದ ಮಂಗನಂತಾದ. ಆದರೆ ಸಿಟ್ಟು ಎಲ್ಲಿಗಾದರೂ ಹೋಗಬೇಕಲ್ಲ? ಫೋನು ತೆಗೆದು ಹೆಂಡತಿಗೆ ಹಚ್ಚಿದ.

“ಮಂಜುಳಾ! ಜೀಪಿನ ಗ್ಲಾಸಿಗೆ ಏನ್ ಹಚ್ಚಿ ಒರಿಸೀದಿ? ಸುಳ್ಳ ಹೇಳಬ್ಯಾಡ! ಅಪ್ಪನ ಕಾಲ ಮುರದಾಕಿ ನೀನ ನೋಡು!”

ಬೀದಿಗೆ ಬೀದಿಯೇ ಕೇಳುವಂತೆ ಬೈಯತೊಡಗಿದ. “ಆಕಿ ಜೀಪಿನ ಹತ್ರ ಬರೂದ ಇಲ್ಲಲೋ,” ಎಂದು ಪರಸಪ್ಪ ಅಂದದ್ದು ಅವನ ಕಿವಿಗೆ ಬೀಳಲಿಲ್ಲ. ತಮಾಷೆ ಮುಗಿಯಿತೆಂದು ನಿಂಗರಾಜ ತನ್ನ ಟೈರಿನ ಕಡೆಗೆ ಹೋದ.

ಗೆದ್ದ ಇಂದ್ರವ್ವ ಮುದುಕನನ್ನು ನೆರಳಿಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿ ಕೆಲಸಕ್ಕೆ ಕೂತಳು. ರೋಲಿನಿಂದ ಹೊಸ ಹಾಳೆ ಕತ್ತರಿಸಿ, ಮೆತ್ತಗಾಗಲೆಂದು ಬಿಸಿಲಿಗೆ ಹಾಸಿ, ಸುಕ್ಕು ಬರದ ಹಾಗೆ ಕ್ಲಿಪ್ಪು ಹಾಕಿ ಸುತ್ತಲೂ ಎರಡು ಸಾಲು ಹೊಲಿದಳು. ಹೊಲಿಗೆ ಮುಗಿದದ್ದೇ, ಮಾವನ ಫೋಟೋದ ಕೆಳಗಿನ ಗೂಡಿನಿಂದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ಅರಿವೆಗೆ ಹನಿಸಿಕೊಂಡಳು.

“ಅದೇನಬೇ?” ಪರಸಪ್ಪ ಕೇಳಿದ.

“ಎಣ್ಣಿ, ಕಾಕಾ. ಗ್ಲಾಸ್ ಮಿಂಚತೈತಿ. ಮಾವನ ಪದ್ಧತಿ ಇದು. ಎಣ್ಣಿ ಹಚ್ಚದ ಹುಡ್ಡು ಅಂಗಡಿ ದಾಟಬಾರದು ಅಂತಿದ್ದ.”

ಮುದುಕ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದ. “ಅಂದಾನೆಪ್ಪನ ಕಡೆ ನಾ ಮೂರ ಹುಡ್ಡ ಹೊಲಿಸೇನಿ ಯವ್ವಾ. ಅಂವ ಎಣ್ಣಿ ಹಚ್ಚತಿದ್ದದ್ದು ಪಟ್ಟಿಗೆ. ಆಗ ಹುಡ್ಡು ಬಿಗಿಯಾಕ ತೊಗಲಿನ ಪಟ್ಟಿ ಇರ್ತಿದ್ದೂ. ಎಣ್ಣಿ ಕುಡಸಲಿಲ್ಲಂದ್ರ ಸೆಟದು ಸೀಳತಿದ್ದೂ. ಗ್ಲಾಸಿಗೆ ಒಂದ ಹನಿ ಬಿದ್ರೂ ಒರಸತಿದ್ದ.”

ಇಂದ್ರವ್ವನ ಕೈ ನಿಂತಿತು. ತೊಗಲಿನ ಪಟ್ಟಿ ಹೋಗಿ ನೈಲಾನ್ ಬಂದು ಎಷ್ಟೋ ಕಾಲವಾಗಿತ್ತು. ಪಟ್ಟಿ ಹೋದರೂ ಬಾಟಲಿ ಗೂಡಿನಲ್ಲೇ ಉಳಿದಿತ್ತು, ಮಾವನ ಮಾತು ಉಳಿದಿತ್ತು. ಎಣ್ಣೆ ಯಾವಾಗ ಪಟ್ಟಿ ಬಿಟ್ಟು ಗ್ಲಾಸಿಗೆ ಏರಿತೋ ಅವಳಿಗೇ ನೆನಪಿಲ್ಲ. ಬಿಚ್ಚಿ ಎಸೆದಿದ್ದ ಹಳೆಯ ಗ್ಲಾಸನ್ನು ಎತ್ತಿ ಮೂಸಿದಳು. ಮುಗ್ಗಿದ ಕೊಬ್ಬರಿ ಎಣ್ಣೆಯ ವಾಸನೆ. ಬೆರಳು ಒತ್ತಿದರೆ ಜಿಗಿಜಿಗಿ. ನಾಲ್ಕು ತಿಂಗಳ ಧೂಳು, ಬಿಸಿಲು, ಎಣ್ಣೆ, ಎಲ್ಲ ಕೂಡಿ ಅಲ್ಲೇ ಬೆಂದು ಕೂತಿತ್ತು.

ಥೂ ನಿನ್ನ, ಎಂದುಕೊಂಡಳು. ಥೂ ನಿನ್ನ ಇಂದ್ರವ್ವಾ.

ಪರಸಪ್ಪನಿಗೂ ತಿಳಿದಿತ್ತು. ದನಿ ತಗ್ಗಿಸಿ ಅಂದ: “ಬಿಡವಾ. ನಾ ಯಾರ ಮುಂದೂ ಹೇಳಂಗಿಲ್ಲ. ಕಾಲ ಇವತ್ತಿಲ್ಲ ನಾಳೆ ಕೂಡತೈತಿ. ಹೆಸರ ಹೋದ್ರ ಕೂಡಂಗಿಲ್ಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಕಾಲು ಮುರಿಸಿಕೊಂಡವನೇ ತನ್ನ ಹೆಸರು ಕಾಯಲು ನಿಂತದ್ದು ಅವಳನ್ನು ಸುಟ್ಟಿತು. ಹೋದ ವರ್ಷ ಹೂಲಿಯ ಹನುಮಪ್ಪ ಹೀಗೇ ಮಬ್ಬಾದ ಗ್ಲಾಸು ತಂದಿದ್ದ. “ಎಮ್ಮಿ ತೊಳಿಯೋ ಕೈಲೆ ಗ್ಲಾಸ್ ಒರಸ್ತೀಯೇನೋ, ಮಬ್ಬ ಸೂಳೆಮಗನ?” ಎಂದು ನಡುಬೀದಿಯಲ್ಲಿ ಅವನ ಮಾನ ಕಳೆದಿದ್ದಳು. ಪಾಪದ ಮನುಷ್ಯ, ತಲೆ ತಗ್ಗಿಸಿಕೊಂಡು ಹೋಗಿದ್ದ.

ಹೊರಗೆ ಸುನೀಲ ಇನ್ನೂ ಕೂಗುತ್ತಲೇ ಇದ್ದ. ಇಂದ್ರವ್ವ ದಡದಡ ಹೋಗಿ ಫೋನು ಕಸಿದುಕೊಂಡಳು.

“ಮಂಜುಳಾ, ನಾ ಬೈಲಹೊಂಗಲದ ಇಂದ್ರವ್ವ. ನಿಂದೇನೂ ತಪ್ಪಿಲ್ಲವಾ. ಗ್ಲಾಸಿಗೆ ಎಣ್ಣಿ ಹಚ್ಚಿ ಕೆಡಿಸಿದಾಕಿ ನಾನು. ನಿನ್ನ ಮಾವನ ಕಾಲ ಮುರದಾಕಿ ನಾನು.”

ಆ ಕಡೆಯಿಂದ ಬಿಕ್ಕು ಕೇಳಿತು. ಆಮೇಲೆ ತಣ್ಣಗಿನ ದನಿ ಬಂತು: “ನನಗ ಹೇಳಿದ್ರ ಏನ್ ಬಂತ್ರೀ? ಅವರು ಬಜಾರಿನಾಗ ನಿಂತು ಬೈದ್ರು. ನೀವೂ ಬಜಾರಿನಾಗ ನಿಂತು ಹೇಳ್ರಿ.”

ಹುಡುಗಿ ಸರಿಯಾಗಿಯೇ ಕೊಟ್ಟಳು. ಇಂದ್ರವ್ವ ಫೋನು ಹಿಡಿದೇ ಅಂಗಡಿಯ ಕಟ್ಟೆ ಹತ್ತಿದಳು. ಊರನ್ನು ಬೈಯುವ ಅದೇ ಗಂಟಲಿನಲ್ಲಿ ಕೂಗಿದಳು.

“ಏ ನಿಂಗರಾಜಾ! ಬರ್ರಿಲ್ಲೆ ಎಲ್ಲಾರೂ! ಆಗ ತಲಿ ಆಡಿಸಿದ್ರಲ್ಲ, ಈಗ ಕಿವಿಗೊಟ್ಟ ಕೇಳ್ರಿ. ಗ್ಲಾಸ್ ಕೆಡಿಸಿದಾಕಿ ನಾನು. ಇಷ್ಟು ವರ್ಷ ಎಣ್ಣಿ ಹಚ್ಚಿ ಹಚ್ಚಿ ಕೆಡಿಸೇನಿ, ಮಂದೀನ್ನ ಬೈದೇನಿ. ಈ ಹುಡುಗನ ಹೇಣತೀದು ಏನೂ ತಪ್ಪಿಲ್ಲ!”

ಯಾರೂ ತಲೆ ಆಡಿಸಲಿಲ್ಲ. ಹಿಂದಿನಿಂದ ಒಬ್ಬ ನಕ್ಕ. ಆ ನಗೆ ಇನ್ನು ಸವದತ್ತಿ, ರಾಮದುರ್ಗದ ತನಕ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬಾಟಲಿಯನ್ನು ಗಟಾರಕ್ಕೆ ಬೋರಲು ಹಾಕಿ, ಹೊಸ ಪರದೆಯನ್ನು ಒಣ ಅರಿವೆಯಿಂದ ಒರೆಸಿ ಜೀಪಿಗೆ ಬಿಗಿದಳು. ಅಂಗಡಿಯ ಕದ ಎಳೆದು ಕೀಲಿ ಹಾಕಿದಳು.

“ಏನ್ ಮಾರಿ ನೋಡ್ತೀ?” ಎಂದು ಸುನೀಲನಿಗೆ ಗದರಿದಳು. “ನಿಮ್ಮಪ್ಪನ್ನ ಹತ್ತಿಸು. ಮನಿ ಮುಟ್ಟಿದ ಕೂಡ್ಲೆ ಹೇಣತಿ ಮುಂದ ನಿಂತು ತಪ್ಪಾತು ಅನ್ನು.”

“ಮತ್ತ ನೀ ಎಲ್ಲಿಗೆ?”

ಇಂದ್ರವ್ವ ಹಿಂದೆ ಹತ್ತಿ ಹೊಸ ಗ್ಲಾಸಿಗೆ ಬೆನ್ನು ಕೊಟ್ಟು ಕೂತಳು.

“ಹೂಲಿಗೆ. ಹನುಮಪ್ಪನ ಮನಿಗೆ. ಲಗೂನ ಹೊಡಿ, ಊರ ಕಟ್ಟಿ ಮ್ಯಾಲ ಜನ ಇರೂ ಹೊತ್ತಿನ್ಯಾಗ ಮುಟ್ಟಬೇಕು.”