ಬೆಸುಗೆಯ ಪಕ್ಕದ ರಂಧ್ರ

ನಾನು ಒಂದು ಸೂಕ್ಷ್ಮದರ್ಶಕ. ನನ್ನ ಕಾಲು ಮತ್ತು ಬೆನ್ನು ಬೀಡು ಕಬ್ಬಿಣದವು, ಕೊಳವೆ ಹಿತ್ತಾಳೆಯದು, ಕಣ್ಣು ಗಾಜಿನದು. ಅಂಬಾಲಾ ನಗರದ ಇಕ್ಕಟ್ಟಾದ ಓಣಿಯೊಂದರ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಒಬ್ಬಾತ ಮರಳಿನ ಅಚ್ಚಿನಲ್ಲಿ ನನ್ನ ಕಾಲನ್ನು ಎರಕ ಹೊಯ್ದ. ಒಬ್ಬಾಕೆ ಗಾಜಿನ ಬಿಲ್ಲೆಯನ್ನು ಉಜ್ಜಿ ಉಜ್ಜಿ ಮಸೂರ ಮಾಡಿದಳು. ಎರಕದವನು ಗಾಜಿನ ಕೋಣೆಗೆ ಕಾಲಿಟ್ಟರೆ ಧೂಳು ತಂದನೆಂದು ಬೈಗುಳ. ಗಾಜಿನಾಕೆ ಎರಕದ ಮನೆಗೆ ಹೋದರೆ ಸೀರೆಗೆ ಕಿಡಿ ತಗಲೀತೆಂಬ ಭಯ. ಅವರಿಬ್ಬರೂ ಮಾತನಾಡಿದ್ದನ್ನು ನಾನು ಕೇಳಲಿಲ್ಲ. ಆದರೂ ಕಬ್ಬಿಣ ಗಾಜುಗಳೆರಡೂ ಕೂಡಿ ನಾನಾದೆ.

ಮರದ ಪೆಟ್ಟಿಗೆಯಲ್ಲಿ ಪಯಣಿಸಿ ಕೃಷ್ಣಾ ತೀರದ ತಾಲ್ಲೂಕು ಊರೊಂದರ ಪದವಿ ಕಾಲೇಜಿಗೆ ಬಂದೆ. ಅಲ್ಲಿ ನನ್ನ ಯಜಮಾನರು ಸಸ್ಯಶಾಸ್ತ್ರದ ಗಲಗಲಿ ಮಾಸ್ತರರು. ನನ್ನನ್ನು ಕಿಟಕಿಯ ಬಳಿ ಇಟ್ಟು, ಕೆಳಗಿನ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ, ಈರುಳ್ಳಿಯ ಪೊರೆಯನ್ನೋ ದಾಸವಾಳದ ಪರಾಗವನ್ನೋ ಗಾಜಿನ ಪಟ್ಟಿಯ ಮೇಲೆ ಇಡುತ್ತಿದ್ದರು. ಬೆಳಕು ಕೆಳಗಿನಿಂದ ಆ ಪೊರೆಯನ್ನು ತೂರಿ ಮೇಲೇರಿ ಮಕ್ಕಳ ಕಣ್ಣನ್ನು ಸೇರುತ್ತಿತ್ತು. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಒಂದು ದಿನ ಪಕ್ಕದ ಭೌತಶಾಸ್ತ್ರ ವಿಭಾಗದ ಉಪನ್ಯಾಸಕರೊಬ್ಬರು ಬಂದು ತುಂಡಾದ ತಂತಿಯ ತುದಿಯನ್ನು ನೋಡಬೇಕೆಂದರು. ಗಲಗಲಿ ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು.

“ತಂತಿಗೆ ಜೀವ ಅದ ಏನ್ರಿ?”

“ಇಲ್ರಿ.”

“ಹಂಗಾರ ಅದಕ್ಕ ಇಲ್ಲೇನು ಕೆಲಸ?”

ಉಪನ್ಯಾಸಕರು ನಕ್ಕು ಹೊರಟುಹೋದರು. ಮತ್ತೆ ಬರಲಿಲ್ಲ. ನನ್ನ ಪೆಟ್ಟಿಗೆಗೆ ಆ ಸಂಜೆಯಿಂದ ಬೀಗ ಬಿತ್ತು.

ಕಾಲ ಕಳೆಯಿತು. ಗಲಗಲಿ ಮಾಸ್ತರರು ನಿವೃತ್ತರಾದರು. ವಿದ್ಯುದ್ದೀಪ ಹೊತ್ತ ಹೊಸ ಸೂಕ್ಷ್ಮದರ್ಶಕಗಳು ಬಂದವು. ಊರ ಹೊರಗಿನ ಗುಡ್ಡದ ಮೇಲೆ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಲೋಹಗಳನ್ನು ಪರೀಕ್ಷಿಸಲು ಮೆಕ್ಯಾನಿಕಲ್ ವಿಭಾಗ ಒಂದು ಸೂಕ್ಷ್ಮದರ್ಶಕ ಕೇಳಿತು. ಸೂಕ್ಷ್ಮದರ್ಶಕಗಳಲ್ಲಿ ಬೇರೆ ಬೇರೆ ಜಾತಿಗಳಿವೆಯೆಂದು ತಿಳಿಯದ ಆಡಳಿತದವರು ಹರಾಜಿನಲ್ಲಿ ನನ್ನನ್ನು ಕೊಂಡರು. ವಿದ್ಯಾರ್ಥಿಗಳು ಉಕ್ಕಿನ ಬಿಲ್ಲೆಯೊಂದನ್ನು ಫಳಫಳ ಹೊಳೆಯುವಂತೆ ಉಜ್ಜಿ ನನ್ನ ಕೆಳಗಿಟ್ಟು ಬಗ್ಗಿ ನೋಡಿದರು. ಕಗ್ಗತ್ತಲೆ! ಉಕ್ಕಿನ ಮೂಲಕ ಬೆಳಕು ಹಾಯುವುದುಂಟೆ? ಲೋಹವನ್ನು ನೋಡಲು ಬೆಳಕು ಮೇಲಿನಿಂದ ಬೀಳಬೇಕು. ನನಗೆ ಬರುವುದು ಕೆಳಗಿನಿಂದ.

“ಕುರುಡ ಐತಿಲೇ ಇದು!” ಎಂದು ಒಬ್ಬ ಘೋಷಿಸಿದ.

ಗುಡ್ಡದ ಗಾಳಿಗೆ ವರ್ಕ್‌ಶಾಪಿನ ಬಾಗಿಲು ಸದಾ ಬಡಿದುಕೊಳ್ಳುತ್ತಿತ್ತು. ನನ್ನ ಕಬ್ಬಿಣದ ಕಾಲು ಸಾಕಷ್ಟು ಭಾರವಾಗಿತ್ತು. ಹೀಗೆ ನಾನು ಬಾಗಿಲಿಗೆ ಆನಿಕೆಯಾದೆ. ಅಲ್ಲಿಂದ ಕಾಣುತ್ತಿದ್ದುದು ಬೂಟು ಚಪ್ಪಲಿಗಳು ಮಾತ್ರ. ಕೇಳಿಸುತ್ತಿದ್ದುದು ಎಲ್ಲರ ಮಾತು.

ದಾವಲಸಾಬ ನದಾಫನ ಮಾತನ್ನು ನಾನು ಕೇಳಿದ್ದು ಆ ಬಾಗಿಲಲ್ಲೇ. ಊರಿನಲ್ಲಿ ಉಕ್ಕಿನ ಕೊಳವೆಗೆ ಬೆಸುಗೆ ಹಾಕಬೇಕಾದರೆ ಅವನೇ ಬರಬೇಕು. ವಿದ್ಯಾರ್ಥಿಗಳಿಗೆ ಕೆಲಸ ತೋರಿಸಲು ಕಾಲೇಜಿನವರೂ ಅವನನ್ನು ಕರೆಸುತ್ತಿದ್ದರು. ಮಗಳು ಮುಬೀನಾ ಅದೇ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಳು. ತಂದೆ ಕಿಡಿ ಹಾರಿಸುವಾಗ ಹುಡುಗರ ನಡುವೆ ಅವಳು ತುಸು ಎತ್ತರಕ್ಕೆ ನಿಲ್ಲುತ್ತಿದ್ದಳೆಂದು ಅವಳ ಹಿಮ್ಮಡಿಗಳಿಂದ ನನಗೆ ತಿಳಿಯುತ್ತಿತ್ತು.

ಊರಿಗೆ ಹೊಸ ಆಸ್ಪತ್ರೆ ಬಂದಾಗ ಅದರ ನೀರಿನ ಸ್ಟೀಲ್ ಕೊಳವೆಗಳನ್ನು ಬೆಸೆದವನೂ ದಾವಲಸಾಬನೇ. ಉದ್ಘಾಟನೆಯ ದಿನ ಮಂತ್ರಿಗಳು ನಲ್ಲಿ ತಿರುಗಿಸಿದರು, ನೀರು ಚಿಮ್ಮಿತು, ಚಪ್ಪಾಳೆ ಬಿತ್ತು. ಚಪ್ಪಾಳೆಯ ಸದ್ದು ಅಡಗುವಷ್ಟರಲ್ಲಿ ಎಂಬಂತೆ ಕೊಳವೆ ತೊಟ್ಟಿಕ್ಕತೊಡಗಿತು. ಒಂದೆಡೆಯಲ್ಲ, ಹಲವೆಡೆ, ಪ್ರತಿಯೊಂದೂ ಬೆಸುಗೆಯ ಪಕ್ಕದಲ್ಲೇ, ಸೂಜಿಯಿಂದ ಚುಚ್ಚಿದಂತೆ.

ಕಾಲೇಜಿನ ಅಧ್ಯಾಪಕರೂ ಸೇರಿದ ಸಮಿತಿಯೊಂದು ವಿಚಾರಣೆ ಶುರುಮಾಡಿತು. ಉಕ್ಕು ಪರೀಕ್ಷಿಸಿದವರು ಉಕ್ಕು ಸರಿಯಿದೆ ಎಂದರು. ನೀರಿನ ಲವಣಾಂಶ ನೋಡಿದವರು ನೀರು ಸರಿಯಿದೆ ಎಂದರು. ಗೋಡೆ ನೋಡಿದವರು ಗೋಡೆ ಸರಿಯಿದೆ ಎಂದರು. ತಂತಮ್ಮ ಗಡಿಯಾಚೆ ಯಾರೂ ಇಣುಕಲಿಲ್ಲ.

“ಎಲ್ಲಾ ಸರಿ ಐತೆಂದ್ರ ಉಳಿದವ ವೆಲ್ಡರ್ ಒಬ್ಬನ!” ಎಂದು ಕಾಮಗಾರಿಯ ಎಂಜಿನಿಯರ್ ಹುಲ್ಯಾಳ ಲೆಕ್ಕ ಮುಗಿಸಿದರು. ಸೋಮವಾರ ಸಮಿತಿಯ ಕೊನೆಯ ಸಭೆ, ಇದೇ ವರ್ಕ್‌ಶಾಪಿನಲ್ಲಿ. ಅಲ್ಲಿ ತಪ್ಪು ದಾವಲಸಾಬನದೆಂದು ತೀರ್ಮಾನವಾದರೆ ಮುಂದೆ ಯಾವ ಕಾಮಗಾರಿಯಲ್ಲೂ ಅವನು ಬೆಸುಗೆಯ ಹಿಡಿಕೆ ಮುಟ್ಟುವಂತಿಲ್ಲ.

ತಂದೆ ಮಗಳು ಬಾಗಿಲಲ್ಲಿ ನಿಂತಿದ್ದರು.

“ನನ್ನ ಬೆಸಿಗಿ ಸೋರೂದಿಲ್ಲವಾ.”

“ಹಂಗಾರ ನೀರು ಎಲ್ಲಿಂದ ಬರಾಕತ್ತೈತಪ್ಪಾ?”

ದಾವಲಸಾಬನ ಚಪ್ಪಲಿಗಳು ಮೆಟ್ಟಿಲಿಳಿದು ಹೋದವು.

ಅದೇ ವಾರ ಎಂಜಿನಿಯರಿಂಗ್ ಹುಡುಗರಿಗೆ ಜೀವವಿಜ್ಞಾನದ ಹೊಸ ಪಾಠ ಆರಂಭವಾಯಿತು. ಕಲಿಸಲು ಪದವಿ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರದ ಗೌರಾ ಯಡಹಳ್ಳಿ ಮೇಡಂ ಬಂದರು. ಬಂದವರೇ ನನ್ನನ್ನು ಎಡವಿದರು.

“ಅಯ್ಯೋ, ಇದನ್ನ ಬಾಗಿಲಿಗೆ ಯಾರು ಇಟ್ರೋ?”

“ಅದು ಕುರುಡ ಐತ್ರಿ ಮೇಡಂ.”

“ಅದೋ, ನೀವೋ?”

ತರಗತಿ ಗೊಳ್ಳೆಂದು ನಕ್ಕಿತು. ಮೇಡಂ ಸೆರಗಿನಿಂದ ನನ್ನ ಮೈಯ ಧೂಳು ಒರೆಸಿ ಕಿಟಕಿಯ ಬಳಿ ಇರಿಸಿದರು. ಹಿಂದಿನ ಸಾಲಿನಿಂದ ಪ್ರಶ್ನೆ ತೂರಿ ಬಂತು: “ಬೋಲ್ಟಿಗೆ ಬಯಾಲಜಿ ಯಾಕ್ರಿ ಮೇಡಂ?”

“ನಾಳೆ ಪ್ರತಿಯೊಬ್ರೂ ಹಸಿ ಇದ್ದದ್ದು ಏನಾರ ತಗೊಂಡು ಬರ್ರಿ. ಆಮ್ಯಾಲೆ ಕೇಳೂವಂತ್ರಿ.”

ಮರುದಿನ ಯಾರೋ ಕೊಳದ ನೀರು ತಂದರು, ಯಾರೋ ಹುಳಿ ಮೊಸರು. ಮುಬೀನಾ ಊಟದ ಚೀಲದಿಂದ ಸೋರಿದ ಕೊಳವೆಯ ಒಂದು ತುಂಡನ್ನು ತೆಗೆದಳು. ದುರಸ್ತಿಯವರು ಕತ್ತರಿಸಿ ಎಸೆದಿದ್ದನ್ನು ಅವಳ ತಂದೆ ಒದ್ದೆ ಗೋಣಿಯಲ್ಲಿ ಸುತ್ತಿ ಮನೆಗೆ ತಂದಿದ್ದ. ಅವಳು ಅದನ್ನು ಹಾಗೆಯೇ ನನ್ನ ಕೆಳಗೆ ತುರುಕಲು ನೋಡಿದಳು. ಕತ್ತಲೆ, ಹುಡುಗರ ನಗೆ.

“ಕೊಳವಿ ಬ್ಯಾಡ,” ಎಂದರು ಮೇಡಂ, “ಒಳಗ ಏನೋ ಅಂಟೇತಿ ನೋಡು.”

ಕೊಳವೆಯ ಒಳಮೈಯಲ್ಲಿ ಬೆಸುಗೆಯ ಪಕ್ಕಕ್ಕೆ ಕಡಲೆಕಾಳಿನ ಗಾತ್ರದ ಕಂದು ಗುಡ್ಡೆಯೊಂದಿತ್ತು. ಅದನ್ನು ಎಲ್ಲರೂ ತುಕ್ಕು ಎಂದು ಬಿಟ್ಟಿದ್ದರು. ಮೇಡಂ ಬ್ಲೇಡಿನಿಂದ ಅದನ್ನು ಕೆರೆದು, ಒಂದು ಹನಿ ನೀರಿನಲ್ಲಿ ಕದಡಿ ಗಾಜಿನ ಪಟ್ಟಿಯ ಮೇಲೆ ಹರಡಿ ನನ್ನ ಕೆಳಗಿಟ್ಟರು. ಎಷ್ಟೋ ವರ್ಷಗಳ ಬಳಿಕ ಬೆಳಕು ಮತ್ತೆ ನನ್ನೊಳಗೆ ಏರಿತು. ಅದರೊಂದಿಗೆ ಏರಿದ್ದು ಜಡೆಯಂತೆ ಹೆಣೆದುಕೊಂಡ ನೂರಾರು ಸಣ್ಣ ಎಳೆಗಳು.

ಮೇಡಂ ತಲೆ ಎತ್ತಿದರು. “ಇದು ಬರೇ ತುಕ್ಕಲ್ಲ. ಕಬ್ಬಿಣದ ಅಂಶ ಇರೂ ನೀರಾಗ ಬೆಳಿಯೂ ಬ್ಯಾಕ್ಟೀರಿಯಾ ಬಿಟ್ಟುಹೋದ ಗುರುತು. ಆದ್ರ ಇವು ಸ್ಟೀಲಿಗೆ ಏನು ಮಾಡ್ತಾವು ಅನ್ನೂದು ನನಗ ಗೊತ್ತಿಲ್ಲವಾ. ನಾ ಸ್ಟೀಲ್ ಓದಿಲ್ಲ.”

“ನಾ ಓದೇನ್ರಿ,” ಎಂದಳು ಮುಬೀನಾ. ಅವಳ ದನಿ ಬದಲಾಗಿತ್ತು. “ಗುಡ್ಡಿ ಕೆಳಗ ಗಾಳಿ ಆಡೂದಿಲ್ಲ, ಉಪ್ಪು ಕೂಡತೈತಿ. ಅಲ್ಲೇ ಸ್ಟೀಲ್ ತನ್ನ ಮೈಮ್ಯಾಲಿನ ಕಾಪಿನ ಪದರ ಕಳಕೊಂಡು ತೂತು ಬೀಳತೈತಿ. ಬೆಸಿಗಿ ಪಕ್ಕ ಕಾದ ಜಾಗ ಮೊದಲ ಸೂಕ್ಷ್ಮ ಇರತೈತಿ. ಆದ್ರ ಇವು ಇಷ್ಟು ಬೆಳಿಯೂದು ಹೆಂಗ್ರಿ ಮೇಡಂ?”

“ನೀರು ಬಹಳ ದಿನ ನಿಂತಿರಬೇಕು.”

ಅಲ್ಲಿಗೆ ದಾರಿ ಕಡಿಯಿತು. ಬೆಸುಗೆ ಮುಗಿದ ಮೇಲೆ ನೀರು ತುಂಬಿ ಒತ್ತಡ ಪರೀಕ್ಷೆ ಮಾಡಿದ್ದು ನಿಜ. ಆದರೆ ಅನಂತರ ಕೊಳವೆ ಖಾಲಿಯಾಗಿತ್ತೆಂದೇ ಎಲ್ಲರೂ ನಂಬಿದ್ದರು. ಪರೀಕ್ಷೆ ಮುಗಿದೊಡನೆ ದಾವಲಸಾಬ ಬೇರೆ ಊರಿನ ಕೆಲಸಕ್ಕೆ ಹೋಗಿದ್ದ, ಅವನಿಗೂ ತಿಳಿಯದು. ಖಾಲಿ ಕೊಳವೆಯಲ್ಲಿ ನಿಂತ ನೀರಿನ ಜೀವಿ ಬಂದುದೆಲ್ಲಿಂದ? ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಸೋಮವಾರ ಬಂದುಬಿಟ್ಟಿತು.

ಸಮಿತಿಯ ಅಧ್ಯಕ್ಷರಾದ ಹಿರಿಯರೊಬ್ಬರು, ಹುಲ್ಯಾಳ, ಕಾಲೇಜಿನ ಅಧ್ಯಾಪಕರು ಮೇಜಿನ ಸುತ್ತ ಕುಳಿತರು. ದಾವಲಸಾಬ ಗೋಡೆಗೆ ಒರಗಿ ನಿಂತ. ಮೇಡಂ ನನ್ನನ್ನು ಮೇಜಿನ ನಡುವೆ ಇಟ್ಟು ನೋಡಬೇಕೆಂದು ಕೇಳಿಕೊಂಡರು. ಹಿರಿಯರು ಬಗ್ಗಿ ನೋಡಿದರು. ಹುಲ್ಯಾಳರು ಕುರ್ಚಿ ಬಿಟ್ಟೇಳಲಿಲ್ಲ.

“ಮೇಡಂ, ಇದು ಪೈಪಿನ ವಿಚಾರಣೆರಿ. ಕಪ್ಪಿ ಕೊಯ್ಯೂ ತರಗತಿ ಅಲ್ಲ.”

ಕೆಲವರು ನಕ್ಕರು. ದಾವಲಸಾಬ ನೆಲ ನೋಡಿದ. ತೀರ್ಮಾನ ಬರೆಯಲು ಹಿರಿಯರು ಪೆನ್ನಿನ ಮುಚ್ಚಳ ತೆಗೆದರು.

“ಸರ್, ಒಂದ ಒಂದು ಮಾತು,” ಎಂದು ಮುಬೀನಾ ಎದ್ದು ನಿಂತಳು. “ಆಸ್ಪತ್ರಿ ಕಾವಲುಗಾರನ ಕೋಣಿಗೆ ಹೋಗೂ ಕೊಳವಿನೂ ನಮ್ಮ ಅಪ್ಪನ ಬೆಸೆದದ್ದು. ಅದ ಸ್ಟೀಲು, ಅದ ಕೈ, ಅದ ಬೋರಿನ ನೀರು. ಆ ನಲ್ಲಿ ಮೊದಲಿಂದ ದಿನಾ ಬಳಕಿ ಆಗೇತಿ. ಅದು ಯಾಕ ಸೋರಿಲ್ಲರಿ?”

“ಅದು ಸಣ್ಣ ಲೈನವಾ. ಯಾರು ಕೇಳತಾರ ಅದನ್ನ?” ಹುಲ್ಯಾಳರು ಕೈ ಬೀಸಿದರು. ತಮ್ಮ ಜವಾಬ್ದಾರಿಯನ್ನು ಯಾರೋ ಶಂಕಿಸಿದಂತೆ ಅವರಿಗೆ ಅನಿಸಿರಬೇಕು, ದನಿ ಏರಿಸಿದರು. “ದೊಡ್ಡ ಲೈನ್ ನಾ ಎಷ್ಟು ಕಾಳಜಿಲೆ ಇಟ್ಟಿದ್ದೆ ಗೊತ್ತೈತೇನು? ಮಂತ್ರಿಗಳ ದಿನಾಂಕ ಇವತ್ತು ಬರತೈತಿ, ನಾಳೆ ಬರತೈತಿ ಅಂತ ಬ್ಯಾಸಗಿ ಪೂರ್ತಿ ಕಾದ್ವಿ. ಟೆಸ್ಟಿಂಗ್ ಮಾಡಿದ ನೀರನ್ನ ಒಂದು ಹನಿ ಸೈತ ಹೊರಗ ಬಿಡಲಿಲ್ಲ. ಸಾಹೇಬ್ರು ನಲ್ಲಿ ತಿರುವಿದ ಕೂಡ್ಲೆ ನೀರು ಬರಬೇಕಲ್ಲ! ಬರೇ ಗಾಳಿ ಬುಸ್ ಅಂದ್ರ ಮರ್ಯಾದಿ ಯಾರದು ಹೋಗತೈತಿ?”

ಮೇಡಂ ಮುಬೀನಾಳನ್ನು ನೋಡಿದರು; ಮುಬೀನಾ ಮೇಡಂ ಅವರನ್ನು. ಹಿರಿಯರು ನಿಧಾನವಾಗಿ ಕೇಳಿದರು:

“ಬ್ಯಾಸಗಿ ಪೂರ್ತಿ ನೀರು ಕೊಳವಿಯೊಳಗ ನಿಂತಿತ್ತೇನ್ರಿ?”

“ತುಂಬಿ ನಿಂತಿತ್ತರಿ,” ಎಂದರು ಹುಲ್ಯಾಳ ಹೆಮ್ಮೆಯಿಂದ. ಆಮೇಲೆ ಎಲ್ಲರ ಮುಖ ನೋಡಿದರು. ಆಮೇಲೆ ಕುರ್ಚಿ ಬಿಟ್ಟು ಎದ್ದರು. ಬಗ್ಗಿ ನನ್ನೊಳಗೆ ಕಣ್ಣಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

“ಇವು ನಾ ಸಾಕಿದವೇನ್ರಿ ಮೇಡಂ?” ಎಂದು ಕೇಳಿದಾಗ ಅವರ ದನಿ ತೀರ ಇಳಿದಿತ್ತು.

ಯಾರೂ ಅವರನ್ನು ಹಂಗಿಸಲಿಲ್ಲ. ನೀರಿನಲ್ಲಿ ಜೀವ ಇರುತ್ತದೆಂದು ಅವರಿಗೆ ಯಾವ ತರಗತಿಯಲ್ಲೂ ಹೇಳಿರಲಿಲ್ಲ. ಉದ್ಘಾಟನೆಗಾಗಿ ನೀರು ಕೊಳವೆಯಲ್ಲೇ ಕಾದು ನಿಲ್ಲುತ್ತದೆಂದು ಮೇಡಂಗೆ ಯಾವ ಪುಸ್ತಕವೂ ತಿಳಿಸಿರಲಿಲ್ಲ. ಕಾವಲುಗಾರನ ಕೊಳವೆಯನ್ನು ಆ ವಾರವೇ ಸೀಳಿ ನೋಡಿದರು. ಒಳಮೈ ನುಣುಪಾಗಿತ್ತು. ಬೆಸುಗೆಯಲ್ಲಿ ದೋಷವಿಲ್ಲವೆಂದು ಸಮಿತಿ ತೀರ್ಮಾನಿಸಿತು.

ದಾವಲಸಾಬ ನನ್ನ ಬಳಿ ಬಂದು ಒಂದು ಕಣ್ಣು ಕಿರಿದಾಗಿಸಿ ನೋಡಿದ.

“ಇಷ್ಟೀಟು ಪಿಳ್ಳಿಗೋಳು,” ಎಂದ, “ನನ್ನ ಹೆಸರು ತಿಂದು ಹಾಕಿದ್ದುವಲ್ಲವಾ!”

ಹಾಳಾದ ಕೊಳವೆಗಳನ್ನು ತೆಗೆದು ಹೊಸ ಕೊಳವೆ ಬೆಸೆದವನೂ ಅವನೇ. ಪರೀಕ್ಷೆ ಮುಗಿದೊಡನೆ ನೀರು ಬಿಟ್ಟು, ಒಳಗೆಲ್ಲ ಗಾಳಿ ಊದಿ ಒಣಗಿಸುವವರೆಗೆ ಹುಲ್ಯಾಳರು ಪಕ್ಕದಲ್ಲಿ ನಿಂತಿದ್ದರಂತೆ. ಈ ಸಲ ಮಂತ್ರಿಗಳು ಬರಲಿಲ್ಲ.

ಅನಂತರ ಕಾಲೇಜಿನಲ್ಲಿ ಎರಡು ಕೋಣೆಗಳ ನಡುವಣ ಗೋಡೆ ಕೆಡವಿ ಎಲ್ಲ ವಿಭಾಗಗಳಿಗೂ ಸೇರಿದ ಒಂದು ಪ್ರಯೋಗಶಾಲೆ ಮಾಡಿದರು. ಆ ಗಡಿಬಿಡಿಯಲ್ಲಿ ಜವಾನನ ಕೈಯಿಂದ ನಾನು ಜಾರಿದೆ. ಮಸೂರ ಉಳಿಯಿತು; ಬೀಡು ಕಬ್ಬಿಣದ ಬೆನ್ನು ಎರಡು ತುಂಡಾಯಿತು. ಉಗ್ರಾಣದವರು ಗುಜರಿಗೆ ಹಾಕಿ ಎಂದರು. ಆಗ ಕೊನೆಯ ವರ್ಷದಲ್ಲಿದ್ದ ಮುಬೀನಾ ಬೆಸುಗೆ ಹಾಕಿಸೋಣವೆಂದಳು.

“ಬೀಡಿಗೆ ಬೆಸಿಗಿ ಕೂಡೂದಿಲ್ಲವಾ, ಬಿರೀತೈತಿ,” ಎಂದು ಉಗ್ರಾಣದವರು ತಲೆಯಾಡಿಸಿದರು.

“ಯಾರು ಬೆಸೀತಾರ ಅನ್ನೂದರ ಮ್ಯಾಲೆ ಐತ್ರಿ,” ಎಂದಳು ಅವಳು.

ದಾವಲಸಾಬ ಬಂದ. ಮೇಡಂ ನನ್ನ ಕಣ್ಣುಗಳನ್ನು ಕಳಚಿ ಹತ್ತಿಯಲ್ಲಿ ಸುತ್ತಿದರು. ಅವನು ನನ್ನ ಮುರಿದ ಬೆನ್ನನ್ನು ಇದ್ದಿಲ ಕೆಂಡದ ಮೇಲೆ ಅವಸರವಿಲ್ಲದೆ ಕಾಯಿಸಿದ. ಹಿತ್ತಾಳೆಯ ಕಡ್ಡಿ ಕರಗಿಸಿ ಬಿರುಕಿನೊಳಗೆ ಹರಿಸಿದ. ಒಮ್ಮೆಲೇ ತಣಿಯದಂತೆ ಬೂದಿಯಲ್ಲಿ ಹೂತಿಟ್ಟ. ಹುಡುಗರು ಸುತ್ತ ನಿಂತು ನೋಡಿದರು. ಎಷ್ಟು ಕಾಯಿಸಬೇಕೆಂದು ಒಬ್ಬ ಕೇಳಿದ. ಯಾಕೆ ಬೂದಿಯೆಂದು ಇನ್ನೊಬ್ಬಳು.

ಈಗ ನಾನು ಮುದುಕ. ಪರದೆಯ ಮೇಲೆ ಚಿತ್ರ ತೋರಿಸುವ ಯಂತ್ರಗಳು ನನ್ನ ಪಕ್ಕದಲ್ಲಿವೆ. ನನ್ನನ್ನು ಬಳಸುವವರು ವಿರಳ. ಕಪಾಟಿನ ಮೂಲೆಯಲ್ಲಿ ಕುಳಿತು ನಾನು ತಿಳಿದುಕೊಂಡದ್ದು ಇಷ್ಟು: ಅಂದು ಆ ಮೇಜಿನ ಬಳಿ ಯಾರೊಬ್ಬರಿಗೂ ಪೂರ್ತಿ ಉತ್ತರ ಗೊತ್ತಿರಲಿಲ್ಲ, ಯಾರೊಬ್ಬರನ್ನು ಬಿಟ್ಟರೂ ಉತ್ತರ ಸಿಗುತ್ತಿರಲಿಲ್ಲ. ಮುಂದೆ ಬರುವ ತೊಡಕುಗಳೂ ನಮ್ಮ ವಿಭಾಗಗಳ ಹೆಸರು ಕೇಳಿಕೊಂಡು ಬರಲಾರವು.

ಹೊಸ ಮಕ್ಕಳು ಆಗೀಗ ನನ್ನನ್ನು ಎತ್ತಿಕೊಳ್ಳುತ್ತಾರೆ. ಅವರ ಬೆರಳು ನನ್ನ ಬೆನ್ನಿನ ಹೊಂಬಣ್ಣದ ಗೆರೆಯ ಮೇಲೆ ನಿಲ್ಲುತ್ತದೆ. ಇದೇನೆಂದು ಕೇಳಿದರೆ ಮೇಡಂ ಹೇಳುತ್ತಾರೆ: “ಅದು ದಾವಲಸಾಬನ ಬೆಸಿಗಿ. ಗಟ್ಟಿಯಾಗಿ ಹಿಡಕೊಂಡು ಎತ್ರಿ, ಬಿಡೂದಿಲ್ಲ.”