ಜಗಲಿಯ ಬೆಳ್ಳಿ ನಾಣ್ಯ

ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ನರೋಣಾದ ಹೊಲಗಳಲ್ಲಿ ತೊಗರಿ ಕೊಯ್ದು ಗುಂಪು ಹಾಕಿದ್ದರು. ಬಿಳಿಜೋಳ ಎದೆಮಟ್ಟ ಬೆಳೆದು ಇಬ್ಬನಿಯ ಭಾರಕ್ಕೆ ತಲೆ ತಗ್ಗಿಸಿ ನಿಂತಿತ್ತು. ಅಂಬಾರಾಯನ ಹೊಲದಲ್ಲಿ ಅಬ್ದುಲ್ ಗನಿಯ ರಾಶಿ ಮಷಿನ್ನು ಮುಂಜಾನೆಯಿಂದಲೇ ಗಡಗಡ ಸದ್ದು ಮಾಡುತ್ತ ಒಂದು ಬಾಯಿಂದ ಕಾಳು, ಇನ್ನೊಂದು ಬಾಯಿಂದ ಹೊಟ್ಟು ಉಗುಳುತ್ತಿತ್ತು. ಆಳುಗಳ ರೆಪ್ಪೆಯ ಮೇಲೂ ಧೂಳು ಕೂತಿತ್ತು.

ಪಟ್ಟಾ ಕಳಚಿ ಮಷಿನ್ನು ನಿಂತಾಗ ಎಲ್ಲರೂ ಬೇವಿನ ಮರದ ಕೆಳಗೆ ಚಹಾಕ್ಕೆ ಕೂತರು. ಗನಿ ಬಾಯಿಗೆ ಕಟ್ಟಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಸರಸಂಬಾದವನಾದರೂ ಸುಗ್ಗಿ ಬಂತೆಂದರೆ ಅವನು ಮಷಿನ್ನಿನ ಜೊತೆ ಊರೂರು ಸುತ್ತುವವನು. ಹೋದ ಊರಲ್ಲೆಲ್ಲ ಅವನಿಗೆ ಹಳೇ ರೊಕ್ಕದ ಹುಚ್ಚ ಎಂದೇ ಹೆಸರು.

"ಈ ವರ್ಷ ಎಷ್ಟು ಕಿಲುಬು ರೊಕ್ಕ ಗಂಟು ಹಾಕೀಯೋ ಗನಿಭಾಯ್?" ಅಂಬಾರಾಯ ಕೇಳಿದ.

"ಮೂರು ಸಿಕ್ಕಾವ ಅಣ್ಣಾ. ಸೊಲ್ಲಾಪುರದ ನಾಣ್ಯ ಮೇಳದಾಗ ಸಾತವಾಹನರ ಕಾಲದ ಒಂದು ಸೀಸದ್ದು ತಗೊಂಡೆ, ಅದರ ಮ್ಯಾಗ ಆನಿ ಐತಿ. ಒಂದು ತಾಂಬ್ರದ್ದು. ಮೂರನೇದು ಬಿಜಾಪುರದ ಲಾರಿ ಅನ್ನೂ ರೊಕ್ಕ, ಬೆಳ್ಳಿ ತಂತಿ ಬಗ್ಗಿಸಿ ಠಸ್ಸೆ ಹೊಡದಿರ್ತಾರ. ಹೆಣ್ಮಕ್ಕಳ ತಲಿ ಪಿನ್ನ ಇದ್ದಂಗ."

"ಪಿನ್ನಿಗಿ ರೊಕ್ಕ ಕೊಟ್ಟು ಬಂದಾನ ನೋಡ್ರಿ!" ಆಳುಗಳು ನಕ್ಕರು.

ಅಂಬಾರಾಯ ಮಾತ್ರ ನಗಲಿಲ್ಲ. ಸಂಜೆ ರಾಶಿ ಮುಗಿದ ಮೇಲೆ ಮನೆಗೆ ಹೋಗಿ ಬಂದವನು ಗನಿಯನ್ನು ಬಣವೆಯ ಹಿಂದೆ ಕರೆದು ಅಂಗೈ ಬಿಚ್ಚಿದ.

ಹೆಬ್ಬೆರಳಗಲದ, ದಪ್ಪನೆಯ ಬೆಳ್ಳಿ ನಾಣ್ಯ. ಅಂಚು ಕಪ್ಪಾಗಿತ್ತು. ಅಕ್ಷರಗಳ ಸಂದಿನಲ್ಲಿ ಅರಿಶಿಣ ಕುಂಕುಮ ಹರಳಿನಂತೆ ಗಟ್ಟಿಯಾಗಿ ಕೂತಿತ್ತು. ಗನಿ ಅದನ್ನು ಸಂಜೆಯ ಬೆಳಕಿಗೆ ಹಿಡಿದು ಒಂದೊಂದೇ ಅರಬ್ಬಿ ಅಕ್ಷರ ಕೂಡಿಸಿದ: ಅಹಸನಾಬಾದ. ಕಲಬುರಗಿಯ ಹಳೆಯ ಹೆಸರು. ಬಹಮನಿ ಸುಲ್ತಾನರ ಟಂಕ. ಚಿತ್ರದಲ್ಲಿ ನೋಡಿದ್ದನೇ ಹೊರತು ಅವನ ಕೈಗೆ ಯಾವತ್ತೂ ಬಂದಿರಲಿಲ್ಲ.

"ನಮ್ಮ ದೇವರ ಜಗಲಿ ಮ್ಯಾಗಿಂದು. ಅಜ್ಜನ ಅಜ್ಜನ ಕಾಲದಿಂದ ಲಕ್ಷ್ಮಿ ಅಂತ ಪೂಜಿ ಮಾಡ್ತೇವಿ," ಎಂದ ಅಂಬಾರಾಯ. "ನೋಡಿ ಕೊಡು. ನಮ್ಮಾಕಿಗಿ ಗೊತ್ತಿಲ್ಲ."

"ಎರಡು ದಿನ ನನ್ನ ಕಡಿ ಇರ್ಲಿ ಅಣ್ಣಾ. ತೂಕ ಮಾಡಿ, ಫೋಟೋ ತಗೊಂಡು ವಾಪಸ್ ಕೊಡ್ತೇನಿ."

ಅಂಬಾರಾಯ ಮನೆಯ ಕಡೆ ಒಮ್ಮೆ ತಿರುಗಿ ನೋಡಿದ. "ಎಳ್ಳಮಾವಾಸಿ ದಿನ ಹೊಲದಾಗ ಐದು ಕಲ್ಲು ಹೂಡಿ, ಆ ಪಾಂಡವರ ಮುಂದ ಇದನ್ನ ಇಟ್ಟು ಪೂಜಿ ಮಾಡ್ತಾಳ. ಅವತ್ತ ಜಗಲಿ ಡಬ್ಬಿ ತೆಗೀತಾಳ. ಅದಕ್ಕಿಂತ ಮೊದಲ ನನ್ನ ಕೈಯಾಗ ಇರಬೇಕು. ನಿನ್ನ ಮಾತಿನ ಮ್ಯಾಗ ಕೊಡಾಕತ್ತೇನಿ."

"ನನ್ನ ಮಾತು ಅಣ್ಣಾ."

ತೂಕವಾಯಿತು, ಫೋಟೋ ಆಯಿತು. ಆದರೂ ಗನಿ ನಾಣ್ಯ ಹಿಂದಿರುಗಿಸಲಿಲ್ಲ. ಅಮಾವಾಸ್ಯೆಯ ಹಿಂದಿನ ದಿನ ಅಫಜಲಪುರದಲ್ಲಿ ನದೀಮನ ಗಡಿಯಾರ ರಿಪೇರಿ ಅಂಗಡಿಯಲ್ಲಿ ನಾಣ್ಯದ ಹುಚ್ಚಿನ ಮೂವರು ವರ್ಷಕ್ಕೊಮ್ಮೆ ಸೇರುತ್ತಿದ್ದರು. ಆ ವರ್ಷ ದಕ್ಕಿದ ನಾಣ್ಯಗಳಲ್ಲಿ ಮನಸ್ಸಿಗೆ ಹಿಡಿದವನ್ನು ಕರಿ ಬಟ್ಟೆಯ ಮೇಲೆ ಹರವಿ ತೋರಿಸಬೇಕು. ಯಾರದು ಮೇಲು ಎಂದು ತೀರ್ಮಾನವಾದರೆ ಮುಂದಿನ ಅಮಾವಾಸ್ಯೆಯವರೆಗೆ ಅವನ ಬಾಯಿಗೆ ತಡೆಯಿಲ್ಲ. ಎರಡು ವರ್ಷದಿಂದ ದೌಲತರಾಯ ಮಾಸ್ತರರೇ ಗೆದ್ದು ಗನಿಯನ್ನು ಕಂಡಲ್ಲೆಲ್ಲ ಕಾಡುತ್ತಿದ್ದರು. ನನ್ನದಲ್ಲ ಎಂದು ಮೊದಲೇ ಹೇಳಿ ತೋರಿಸಿದರಾಯಿತು, ಅಲ್ಲಿಂದ ನೆಟ್ಟಗೆ ನರೋಣಾ ಎಂದು ಗನಿ ತನಗೆ ತಾನೇ ಹೇಳಿಕೊಂಡ.

ಅಂದು ಮುಂಜಾನೆ ಅವನ ಮಗಳು ಫರಹೀನ ಜೇವರ್ಗಿಯ ಒಂದು ಆಸ್ಪತ್ರೆಗೆ ನರ್ಸ್ ಕೆಲಸಕ್ಕೆ ಹಾಜರಾಗಲು ಮೊದಲ ಬಸ್ಸಿಗೇ ಹೊರಟು ಹೋದಳು. ಅವಳನ್ನು ಕಳಿಸಿ ಬಂದ ಗನಿ ನಾಣ್ಯಗಳಿದ್ದ ಡಬ್ಬಿಯನ್ನು ತೆರೆದೂ ನೋಡದೆ ಚೀಲಕ್ಕೆ ಹಾಕಿಕೊಂಡು ಅಫಜಲಪುರದ ಬಸ್ಸು ಹತ್ತಿದ.

ನದೀಮ ಕರಿ ಬಟ್ಟೆ ಹಾಸಿದ್ದ. ಗನಿ ಸೀಸದ ಆನೆ ಇಟ್ಟ, ತಾಮ್ರದ್ದು ಇಟ್ಟ, ಲಾರಿ ಇಟ್ಟ.

"ಇನ್ನೊಂದು ಐತಿ. ನನ್ನದಲ್ಲ, ಅದನ್ನ ಮೊದಲ ಹೇಳಿಬಿಡ್ತೇನಿ. ಆದರ ಈ ವರ್ಷ ನನ್ನ ಕೈಗೆ ಬಂದದ್ದರಾಗ ಅದರಂಥಾದ್ದು ಇಲ್ಲ," ಎಂದು ಡಬ್ಬಿಯ ನಾಲ್ಕನೆಯ ಗುಳಿಯ ಹತ್ತಿ ಸರಿಸಿದ.

ಅಲ್ಲಿ ಹಳದಿ ಅಂಚಿನ ಹತ್ತು ರೂಪಾಯಿ ಬಿಲ್ಲೆ ಇತ್ತು.

ದೌಲತರಾಯರು ಬಗ್ಗಿ ನೋಡಿದರು. "ಇದು ಯಾವ ಸುಲ್ತಾನಂದಪಾ ಗನಿ?"

ನದೀಮ ಹೊಟ್ಟೆ ಹಿಡಿದು ನಕ್ಕ. ಗನಿಯ ಮುಖ ಕಂಡ ಮೇಲೆ ನಗು ನಿಂತಿತು.

ಗನಿ ಮನೆಗೆ ಫೋನು ಹಚ್ಚಿದ. ಎತ್ತಿದವಳು ತಾಯಿ ಸುಲ್ತಾನಬಿ.

"ಅಮ್ಮಿ, ನನ್ನ ಡಬ್ಬಿ ಯಾರು ಮುಟ್ಟಿದ್ರು?"

"ನಾನೇ ಮುಟ್ಟೀನಿ. ಕಳವು ಮಾಡಿಲ್ಲ ಬೇಟಾ, ಬದಲಿ ಹತ್ತು ರೂಪಾಯಿ ಇಟ್ಟೇನಿ. ಪೋರಿ ಮೊದಲ ಸಲ ಒಬ್ಬಾಕಿನೇ ಪರಊರಿಗಿ ಹೊಂಟಿದ್ಲು. ಇಮಾಮ್ ಜಾಮಿನ್ ಕಟ್ಟಬೇಕಲ್ಲ? ಅಂಗಡಿ ಚಿಲ್ಲರ ಯಾಕ, ಅಲ್ಲಾನ ಅಕ್ಷರ ಇದ್ದ ಬೆಳ್ಳಿದು ಮನ್ಯಾಗ ಇರುವಾಗ?"

ಗನಿ ಕಣ್ಣು ಮುಚ್ಚಿದ. ಅವರ ಮನೆಯ ಪದ್ಧತಿ ಅದು. ದೂರ ಹೊರಟವರ ಬಲತೋಳಿಗೆ ನಾಣ್ಯವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಬೇಕು. ಕ್ಷೇಮವಾಗಿ ಮುಟ್ಟಿದ ಕೂಡಲೇ ಬಿಚ್ಚಿ ಇಲ್ಲದವರಿಗೆ ದಾನ ಮಾಡಬೇಕು. ಫರಹೀನ ಇಷ್ಟೊತ್ತಿಗೆ ಜೇವರ್ಗಿ ಮುಟ್ಟಿರುತ್ತಾಳೆ.

"ಅದು ನರೋಣಾ ಅಂಬಾರಾಯಣ್ಣನ ಮನೀದು ಅಮ್ಮಿ! ನಾಳೆ ಪೂಜಿಗಿ ಬೇಕು!"

"ನೀ ಹೇಳಬೇಕಿತ್ತಲ್ಲೋ... ನಾ ಅದನ್ನ..." ಎಂದು ಮುದುಕಿ ಏನೋ ಹೇಳತೊಡಗಿದಳು. ಗನಿ ಫೋನು ಕತ್ತರಿಸಿ ಮಗಳಿಗೆ ಹಚ್ಚಿದ. ಗಂಟೆ ಹೊಡೆದುಕೊಂಡೇ ನಿಂತುಹೋಯಿತು. ಮತ್ತೆ ಹಚ್ಚಿದ. ಎತ್ತಲಿಲ್ಲ.

ನಾಣ್ಯಗಳನ್ನು ಡಬ್ಬಿಗೆ ತುಂಬಿಕೊಂಡು ಅವನು ಬಸ್‌ಸ್ಟ್ಯಾಂಡಿಗೆ ಓಡಿದ.

ಜೇವರ್ಗಿ ಬಸ್ಸಿನ ತುಂಬ ಹಬ್ಬಕ್ಕೆ ಊರಿಗೆ ಹೊರಟವರು, ಕಾಯಿಪಲ್ಲೆ ಚೀಲಗಳು. ಪ್ರತಿ ಹಳ್ಳಿಗೂ ಬಸ್ಸು ನಿಂತಿತು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿತು. ಭೀಮೆಯ ಸೇತುವೆ ಬಂದರೂ ಮಗಳ ಫೋನು ಬರಲಿಲ್ಲ. ನಾಣ್ಯ ಹೋಯಿತು ಎಂದರೆ ಯಾರು ನಂಬುತ್ತಾರೆ? ಹಳೇ ರೊಕ್ಕದ ಹುಚ್ಚ ಜಗಲಿಯ ರೊಕ್ಕ ನುಂಗಿ ಕಥೆ ಕಟ್ಟುತ್ತಾನೆ ಎನ್ನುತ್ತಾರೆ. ನಾನೇ ಕೇಳಿದ್ದರೂ ಹಾಗೆಯೇ ಅನ್ನುತ್ತಿದ್ದೆ ಎನಿಸಿತು ಗನಿಗೆ. ಹೆಂಡತಿಗೆ ಹೇಳದೆ ತಂದುಕೊಟ್ಟ ಅಂಬಾರಾಯ ನಾಳೆ ಪಾಂಡವರ ಕಲ್ಲಿನ ಮುಂದೆ ಯಾವ ಮುಖ ಹೊತ್ತು ನಿಲ್ಲುತ್ತಾನೆ?

ಅಜ್ಜಿಗೆ ಏನಾಯಿತೋ ಎಂಬ ಗಾಬರಿಯಲ್ಲಿ ಫರಹೀನ ಆಸ್ಪತ್ರೆಯ ಗೇಟಿಗೆ ಬಂದಳು. "ಫೋನ್ ಒಳಗ ಇಟ್ಟಿದ್ದೆ ಅಬ್ಬಾ. ಏನಾತು? ದಾದಿಗಿ ಏನರ..."

"ತೋಳಿನ ರೊಕ್ಕ ಎಲ್ಲೈತಿ?"

"ಕೊಟ್ಟೆನಲ್ಲ. ಬಸ್‌ಸ್ಟ್ಯಾಂಡಿನ್ಯಾಗ ಒಬ್ಬಾಕಿ ಆಯಿ ಕುಂತಿದ್ಲು, ಕಾಲು ಬಾತಿತ್ತು. ಆಕಿ ಕೈಯಾಗ ಹಾಕಿದೆ."

ಗನಿ ಬಯ್ಯಲಿಲ್ಲ. ಹುಡುಗಿ ಹೇಳಿದಂತೆ ನಡೆದುಕೊಂಡಿದ್ದಳು. ಇಬ್ಬರೂ ಬಸ್‌ಸ್ಟ್ಯಾಂಡಿಗೆ ಬಂದರೆ ಮುದುಕಿಯ ಜಾಗದಲ್ಲಿ ನಾಯಿ ಮಲಗಿತ್ತು. ಪಕ್ಕದಲ್ಲಿ ಪೇರಲ ಹಣ್ಣು ಮಾರುತ್ತಿದ್ದ ಹೆಂಗಸು, "ಆಕಿನಾ? ಯಾರೋ ಬೆಳ್ಳಿ ರೊಕ್ಕ ಕೊಟ್ಟಾರಂತ. ಮಾರಾಕ ಪತ್ತಾರರ ಓಣಿಗಿ ಹೋದ್ಳು ನೋಡ್ರಿ, ಕುಂಟಕೋತ," ಎಂದಳು.

ಬೆಳ್ಳಿ ಬಂಗಾರದ ಪತ್ತಾರನ ಅಂಗಡಿಯ ಕದ ಅರ್ಧ ಎಳೆದಿತ್ತು, ಅವನು ಊಟಕ್ಕೆ ಹೋಗಿದ್ದ. ಮೆಟ್ಟಿಲ ಮೇಲೆ ಮುದುಕಿ ಬಾತ ಕಾಲು ಚಾಚಿ ಕಾಯುತ್ತ ಕೂತಿದ್ದಳು. ಫರಹೀನಳನ್ನು ಕಂಡದ್ದೇ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದಳು.

"ಕೊಟ್ಟದ್ದು ಕಸಗೊಳ್ಳಾಕ ಬಂದಿಯೇನವಾ?"

ಕೊಟ್ಟ ದಾನ ತಿರುಗಿ ಕೇಳುವಷ್ಟು ಹೀನ ಕೆಲಸ ಗನಿಯ ಮನೆತನದಲ್ಲಿ ಯಾರೂ ಮಾಡಿರಲಿಲ್ಲ. "ಅದು ನಮ್ದಲ್ಲ ಆಯಿ. ಮಂದೀದು, ಒಂದು ಮನಿ ದೇವರ ಜಗಲಿ ಮ್ಯಾಗಿಂದು. ತಿಳೀಲಾರದ ಕೊಟ್ಟಾಳ."

"ಸುಳ್ಳ ಹೇಳಬ್ಯಾಡ." ಮುದುಕಿ ಗಂಟು ಬಿಚ್ಚಿ ಅಂಗೈ ಚಾಚಿದಳು. "ಪೂಜಿ ಮಾಡಿದ ರೊಕ್ಕ ಇಷ್ಟು ಬೆಳ್ಳಗ ಇರ್ತದೇನು?"

ನಾಣ್ಯ ಬಿಸಿಲಿಗೆ ಹೊಸ ಚಮಚೆಯಂತೆ ಫಳಫಳ ಹೊಳೆಯಿತು. ಅಂಚಿನ ಕಪ್ಪಿಲ್ಲ, ಅಕ್ಷರಗಳ ಸಂದಿನ ಅರಿಶಿಣವಿಲ್ಲ. ಗನಿ ಮಗಳ ಕಡೆ ತಿರುಗಿದ.

"ದಾದಿ ರಾತ್ರಿ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿದ್ಲು ಅಬ್ಬಾ," ಎಂದಳು ಫರಹೀನ ಮೆಲ್ಲಗೆ. "ಅಲ್ಲಾನ ಅಕ್ಷರದ ಮ್ಯಾಗ ಹೊಲಸು ಕುಂತೈತಿ, ಹಂಗ ಕಟ್ಟಬಾರದು ಅಂದ್ಲು."

ಕೊಂಡ ನಾಣ್ಯವನ್ನು ಗನಿ ನೀರಿನಲ್ಲೂ ಅದ್ದುತ್ತಿರಲಿಲ್ಲ. ಹೋದ ಬಣ್ಣ ಮರಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಪತ್ತಾರ ಬಂದು ಕದ ಮೇಲೆತ್ತಿದ. "ಏನ್ ಆಯಿ, ತೂಕ ಮಾಡ್ಲೇನು? ಒಳ್ಳೆ ಬೆಳ್ಳಿ ಇದ್ದಂಗ ಅದ."

ಮುದುಕಿ ಏಳಲಿಲ್ಲ. ಫರಹೀನಳ ಮುಖವನ್ನೇ ನೋಡಿದಳು. "ನೀ ಹೇಳವಾ ತಂಗಿ. ನಿಮ್ಮಪ್ಪ ಖರೇ ಹೇಳಾಕತ್ತಾನೇನು?"

ಫರಹೀನ ಹೌದೆಂದು ತಲೆಯಾಡಿಸಿದಳು. ಅವಳ ಕಣ್ಣು ತುಂಬಿತ್ತು.

"ಜಗಲಿದಾದ್ರ ನನಗ ಬ್ಯಾಡ," ಎಂದು ಮುದುಕಿ ನಾಣ್ಯ ಮೆಟ್ಟಿಲ ಮೇಲಿಟ್ಟಳು. ಮೇಲಿಂದ ಕೈ ಮಾತ್ರ ತೆಗೆಯಲಿಲ್ಲ. "ಆದರ ನನಗ ಬೆಳ್ಳಿ ಕೊಟ್ಟಾಳ. ಬೆಳ್ಳಿನೇ ಕೊಡು."

ಗನಿ ಡಬ್ಬಿ ತೆರೆದ. ಅದರಲ್ಲಿದ್ದ ಬೆಳ್ಳಿ ಒಂದೇ, ಬಿಜಾಪುರದ ಲಾರಿ. ವರ್ಷವಿಡೀ ಕಾದು ದಕ್ಕಿಸಿಕೊಂಡದ್ದು. ನದೀಮನ ಅಂಗಡಿಯಲ್ಲಿ ಮಾಸ್ತರರ ಕಣ್ಣು ಮೊದಲು ನಿಂತದ್ದೂ ಅದರ ಮೇಲೆಯೇ. ಅವನು ಅದನ್ನು ಫರಹೀನಳ ಕೈಗೆ ಕೊಟ್ಟ, ಅವಳು ಮುದುಕಿಯ ಕೈಗೆ ಹಾಕಿದಳು. ಮುದುಕಿ ಅದನ್ನು ಪತ್ತಾರನಿಗೆ ಕೊಟ್ಟಳು. ಪತ್ತಾರ ಬಗ್ಗಿದ ತಂತಿಯನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡಿ ತಕ್ಕಡಿಗೆ ಹಾಕಿದ. ಅಷ್ಟರಲ್ಲಿ ಗನಿ ಬೆನ್ನು ತಿರುಗಿಸಿ ಓಣಿಯ ತುದಿಗೆ ನಡೆದುಬಿಟ್ಟಿದ್ದ.

ಅಮಾವಾಸ್ಯೆಯ ದಿನ ಹೊತ್ತೇರುವ ಮೊದಲೇ ಗನಿ ನರೋಣಾದ ಹೊಲ ಸೇರಿದ. ಎಲ್ಲಿ ನೋಡಿದರೂ ಬುಟ್ಟಿ ಹೊತ್ತ ಹೆಂಗಸರು, ಬದುವಿನ ಮೇಲೆ ಓಡುವ ಮಕ್ಕಳು. ಅಂಬಾರಾಯ ಜೋಳದ ದಂಟಿನ ಕೊಂಪೆ ಕಟ್ಟಿ, ಸುಣ್ಣ ಬಳಿದ ಐದು ಕಲ್ಲು ಹೂಡಿ ದಾರಿ ಕಾಯುತ್ತಿದ್ದ.

"ಜೀವ ಕೈಯಾಗ ಹಿಡ್ಕೊಂಡು ಕುಂತೀನಲೇ. ತಾ ಬೇಗ."

ಅಂಗೈಗೆ ಬಿದ್ದ ನಾಣ್ಯ ನೋಡಿ ಅವನ ಮುಖ ಇಳಿಯಿತು. "ಇದೇನಲೇ ಇದು? ಬದಲಿ ಮಾಡೀಯೇನು?"

"ಇಲ್ಲಣ್ಣಾ, ಅದೇ. ಅಂಚಿನ ಮ್ಯಾಗ ಕಚ್ಚು ನೋಡು. ಫೋಟೋದಾಗೂ ಐತಿ," ಎಂದು ಗನಿ ಫೋನು ತೆಗೆಯುವಷ್ಟರಲ್ಲಿ ದಂಟು ಸರಿದ ಸದ್ದಾಯಿತು. ಅಂಬಾರಾಯನ ಹೆಂಡತಿ ಶರಣಬಸಮ್ಮ ಬುಟ್ಟಿ ಹೊತ್ತು ನಿಂತಿದ್ದಳು. ಸೊಂಟದಲ್ಲಿ ಸಿಕ್ಕಿಸಿದ್ದ ಜಗಲಿಯ ಖಾಲಿ ಡಬ್ಬಿ ತೆಗೆದು ಗಂಡನ ಮುಂದೆ ಇಟ್ಟಳು.

ಅಂಬಾರಾಯ ನೆಲ ನೋಡಿದ. ಹೇಳಿದವನು ಗನಿ. ತಾನು ಕೇಳಿದ್ದು, ಎರಡು ದಿನ ಎಂದದ್ದು, ಗೆಳೆಯರಿಗೆ ತೋರಿಸುವ ಆಸೆಗೆ ಇಟ್ಟುಕೊಂಡದ್ದು, ತಾಯಿ ತೊಳೆದದ್ದು, ಮಗಳ ತೋಳು, ಮುದುಕಿಯ ಸೆರಗು, ಯಾವುದನ್ನೂ ಬಿಡಲಿಲ್ಲ.

ಶರಣಬಸಮ್ಮ ನಾಣ್ಯ ಎತ್ತಿ ಉಗುರಿನಿಂದ ಅಕ್ಷರದ ಸಂದು ಕೆದಕಿದಳು. ಉಗುರಿಗೆ ಏನೂ ಹತ್ತಲಿಲ್ಲ.

"ರೊಕ್ಕ ಬಂತ್ರಿ," ಎಂದಳು. "ನಮ್ಮತ್ತಿ ಹಚ್ಚಿದ ಅರಿಶಿಣ ಎಲ್ಲೈತಿ? ಆಕಿ ಅತ್ತಿ ಹಚ್ಚಿದ್ದು?"

ಗನಿ ತನ್ನ ಡಬ್ಬಿಯನ್ನೇ ಅವಳ ಮುಂದೆ ಸರಿಸಿದ. "ಇದರಾಗ ಯಾವುದು ಬೇಕಾದ್ರೂ ತಗೋರಿ ಅಕ್ಕಾರ."

ಸೀಸದ ಆನೆ, ತಾಮ್ರದ್ದು, ಹತ್ತು ರೂಪಾಯಿ ಬಿಲ್ಲೆ. ಅವಳು ಅತ್ತ ನೋಡಲೂ ಇಲ್ಲ. ನಾಣ್ಯವನ್ನು ಐದು ಕಲ್ಲುಗಳ ಮುಂದೆ ಇಟ್ಟು, ಬಟ್ಟಲಿನ ಅರಿಶಿಣಕ್ಕೆ ನೀರು ಬೆರೆಸಿ, ಬೆರಳಿನಿಂದ ಒಂದು ಬೊಟ್ಟು ಹಚ್ಚಿದಳು. ನುಣ್ಣನೆಯ ಬೆಳ್ಳಿಯ ಮೇಲೆ ಅರಿಶಿಣ ನಿಲ್ಲದೆ ಜಾರಿತು. ಮತ್ತೊಮ್ಮೆ ಹಚ್ಚಿದಳು.

ಅಂಬಾರಾಯ ಭೂತಾಯಿಗೆ ಮೀಸಲಾದ ಎಡೆಯ ಚರಗ ಹಿಡಿದು, ಕೂಗು ಹಾಕುತ್ತ ಹೊಲದ ನಾಲ್ಕೂ ಕಡೆ ಚೆಲ್ಲುತ್ತ ಹೋದ. ಅವನ ಕೂಗು ಜೋಳದೊಳಗೆ ದೂರವಾಯಿತು. ಗನಿ ಎದ್ದು ಚಪ್ಪಲಿ ಮೆಟ್ಟಿದ.

"ಕುಂದರ್ರಿ," ಎಂದಳು ಶರಣಬಸಮ್ಮ. "ಹಬ್ಬದ ದಿನ ಹೊಲಕ್ಕ ಬಂದವ್ರು ಉಣಲಾರದ ಹೋಗಬಾರದು."

ಅವನನ್ನು ಗನಿಯಣ್ಣಾ ಎಂದು ಕರೆಯುತ್ತಿದ್ದವಳು ಇವತ್ತು ಹಾಗೆ ಕರೆಯಲಿಲ್ಲ. ಸಜ್ಜೆ ರೊಟ್ಟಿ ಇಟ್ಟಳು, ಅದರ ಮೇಲೆ ಭಜ್ಜಿ ಹಾಕಿದಳು, ಶೇಂಗಾ ಹೋಳಿಗೆಗೆ ತುಪ್ಪ ಸುರಿದಳು. ಯಾವುದರಲ್ಲೂ ಕೈ ಬಿಗಿ ಹಿಡಿಯಲಿಲ್ಲ. ಗನಿ ತುತ್ತು ಮುರಿದು ಬಾಯಿಗಿಟ್ಟ. ಎದುರಿಗೆ ಕಲ್ಲುಗಳ ಬುಡದಲ್ಲಿ ನಾಣ್ಯ ಹೊಳೆಯುತ್ತಿತ್ತು. ಹಸಿ ಅರಿಶಿಣ ಅದರ ಅಂಚಿನಿಂದ ಇಳಿದು ಮಣ್ಣಿಗೆ ಸೇರುತ್ತಿತ್ತು.