ಅಂಚಿನಲ್ಲಿ ಮೀಸೆ ಒರೆಸುವ ಗುಮಾಸ್ತ

ಹಲಗೆಯ ಅಂಚಿಗೆ ಬಂದರೆ ಅವನು ಬೀಳುವುದಿಲ್ಲ, ಹಾರುವುದಿಲ್ಲ, ಕೆಳಗೇನಿದೆಯೆಂದು ಬಗ್ಗಿ ನೋಡುವ ಕುತೂಹಲವನ್ನೂ ತೋರುವುದಿಲ್ಲ. ಮುಂಗಾಲೆರಡನ್ನೂ ಎತ್ತಿ, ಕಣ್ಣು ಮುಚ್ಚಿ, ಉದ್ದನೆಯ ಮೀಸೆಗಳನ್ನು ಒಂದಾದ ಮೇಲೊಂದರಂತೆ ಸಾವಧಾನವಾಗಿ ಒರೆಸಿಕೊಂಡು, ಬಂದ ದಾರಿಗೇ ತಿರುಗುತ್ತಾನೆ. ಅತ್ತ ಏಳು ಹೆಜ್ಜೆ, ಇತ್ತ ಏಳು ಹೆಜ್ಜೆ. ವಿಡಿಯೋ ಗೇಮಿನ ಮೂರನೆಯ ಹಂತದಲ್ಲಿ, ತೂಗುವ ಹಲಗೆಯೊಂದರ ಮೇಲೆ, ಸೃಷ್ಟಿಯಾದಂದಿನಿಂದ ಹುಳವಾದ ಅವನ ಕಾಯಕ ಇಷ್ಟೇ. ತಲೆಯ ಮೇಲೆ ದೀಪ ಹೊತ್ತ ಪುಟ್ಟ ಹುಡುಗಿಯೊಬ್ಬಳನ್ನು ಹಲಗೆಯಿಂದ ಹಲಗೆಗೆ ದಾಟಿಸುತ್ತ ಕೋಟೆಯ ಬಾಗಿಲು ಮುಟ್ಟಿಸುವುದು ಆಟ. ಅವನ ಮೈ ತಾಕಿದರೆ ಅವಳ ದೀಪ ಆರಿಹೋಗುತ್ತದೆ.

ಬೆನ್ನಿನಿಂದ ಕಾಲಿನವರೆಗೆ ಇಳಿಬಿದ್ದ ಕಂದು ಚಿಪ್ಪು ಅವನಿಗೆ ಹಳೆಯ ಕೋಟಿನಂತೆ ಒಪ್ಪುತ್ತದೆ. ಅಂಚುಗಳು ಸವೆದು ಹೊಳೆಯುತ್ತವೆ. ಹಿಂದಿನ ಎಡಗಾಲು ತುಸು ಎಳೆತ. ಹೀಗಾಗಿ ಅವನು ಕಾಣುವುದಕ್ಕೆ ಮೊದಲೇ ಟಕ್, ಟಕ್, ಚರ್ರ್ ಎಂಬ ಸದ್ದು ಕೇಳುತ್ತದೆ.

“ನಮ್ಮಾಫೀಸಿನ ಗುಮಾಸ್ತನ ಹಾಗೇ ಇದಾನಲ್ಲೇ! ಒಂದು ಫೈಲು ಕೊಟ್ಟುಬಿಟ್ರೆ ಸಂಜೆವರೆಗೂ ಹಿಡ್ಕೊಂಡು ಓಡಾಡ್ತಾನೆ,” ಎಂದು ಅಪ್ಪ ನಕ್ಕ. ಆರು ವರ್ಷದ ಮಗಳು ಅದಕ್ಕೊಂದು ಮರ್ಯಾದೆ ಸೇರಿಸಿ ಗುಮಾಸ್ತ ಮಾಮ ಅಂದಳು. ಅಮ್ಮನೊಬ್ಬಳು ನಗಲಿಲ್ಲ.

ನಗದಿರುವುದಕ್ಕೆ ಕಾರಣವಿತ್ತು. ಹಿಂದಿನ ವರ್ಷ ತಂತಿಯಿಂದ ತೆಗೆದ ಅಂಗಿಯೊಳಗೆ ಕಣಜವೊಂದು ಕೂತಿತ್ತು. ಅಮ್ಮ ನೋಡದೆಯೇ ತೊಡಿಸಿದಳು. ಐದೇ ನಿಮಿಷದಲ್ಲಿ ಮಗುವಿನ ತುಟಿ ಬಾತು, ಉಸಿರು ಸೀಟಿಯಾಗಿ, ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಕೈಯಲ್ಲಿದ್ದ ಭಾರ ಮಗುವಿನದೋ ತನ್ನದೇ ಎದೆಯದೋ ತಿಳಿಯದಂತಾಗಿತ್ತು. “ಇನ್ನೊಂದ್ಸಲ ಕಚ್ಚಿದ್ರೆ ಇಷ್ಟು ಟೈಮೂ ಸಿಗದೇ ಇರಬಹುದಮ್ಮ,” ಎಂದು ಡಾಕ್ಟರು, ಕಚ್ಚಿದ ಕೂಡಲೇ ತೊಡೆಗೆ ಚುಚ್ಚಬೇಕಾದ ಇಂಜೆಕ್ಷನ್ ಒಂದನ್ನು ಕೈಗೆ ಕೊಟ್ಟರು. ಅಂದಿನಿಂದ ಅದು ಅವಳ ಕೈಚೀಲ ಬಿಟ್ಟು ಕದಲಿಲ್ಲ. ಕಿಟಕಿಗಳಿಗೆಲ್ಲ ಜಾಲರಿ ಬಿತ್ತು, ಪಾರ್ಕು ನಿಂತಿತು, ಅಂಗಿಗಳು ಮೂರು ಮೂರು ಸಲ ಕೊಡವಿಸಿಕೊಂಡವು. ಮನೆಯೊಳಗೇ ಉಳಿದ ಮಗುವಿಗೆ ಹೊತ್ತು ಹೋಗಲೆಂದು ಅಪ್ಪ ತಂದದ್ದು ಈ ಆಟ.

ಗುಮಾಸ್ತನ ಇನ್ನೊಂದು ಸ್ವಭಾವವನ್ನು ಬಯಲಿಗೆಳೆದವನೂ ಅಪ್ಪನೇ. “ಇವನೇನ್ ಮಹಾ!” ಎಂದು ಅವನ ಪಕ್ಕದಲ್ಲೇ ದೀಪದ ಹುಡುಗಿಯನ್ನು ಹಾರಿಸಿದ. ಕೋಟು ನಡುಬೆನ್ನಿಗೆ ಸೀಳಿಕೊಂಡು ತೆರೆಯಿತು. ಒಳಗೆ ಹಳದಿ ಪಟ್ಟೆಯ ಹೊಟ್ಟೆ, ತುದಿಯಲ್ಲಿ ಕಪ್ಪು ಕೊಂಡಿ. ಅಷ್ಟು ಹೊತ್ತು ಕಾಲೆಳೆದವನು ಬಾಣದಂತೆ ಬಂದ. ದೀಪ ಆರಿತು. ಕೋಟು ಮತ್ತೆ ಮುಚ್ಚಿಕೊಂಡಿತು, ಮೀಸೆ ಒರೆಸಿದ್ದಾಯಿತು, ಏನೂ ನಡೆದೇ ಇಲ್ಲವೆಂಬಂತೆ ಏಳು ಹೆಜ್ಜೆ ಶುರುವಾಯಿತು. ಅಮ್ಮ ಬೆಚ್ಚಿದ್ದು ಆ ಹಳದಿಯನ್ನು ಕಂಡಲ್ಲ, ಆಮೇಲಿನ ಆ ನೆಮ್ಮದಿಯನ್ನು ಕಂಡು.

“ಕಿಟಕಿಗೆಲ್ಲ ಜಾಲರಿ ಹೊಡೆಸಿ, ಟಿವಿಯೊಳಗಿಂದ ಹುಳ ಬಿಟ್ಕೊಂಡ್ರಾ?”

“ಟಿವಿಗೂ ಒಂದು ಹೊಡೆಸ್ತೀನಿ ಬಿಡೆ,” ಎಂದ ಅಪ್ಪ.

ಆಟವನ್ನು ಅಳಿಸಿಬಿಡಬೇಕೆಂದು ಅವಳು ಕೂತದ್ದೇನೋ ನಿಜ. ಆದರೆ ಅದಕ್ಕೆ ಮೊದಲು ಮಗಳು ಹೇಗೆ ದಾಟುತ್ತಾಳೆಂದು ನೋಡಿದಳು. ಮಗು ಹುಡುಗಿಯನ್ನು ಹಾರಿಸುತ್ತಲೇ ಇರಲಿಲ್ಲ. ಗುಮಾಸ್ತನ ಬೆನ್ನಹಿಂದೆ, ಅವನದೇ ಕುಂಟು ನಡಿಗೆಯ ಲಯಕ್ಕೆ, ಟಕ್ ಟಕ್ ಚರ್ರ್ ಎಂದು ಬಾಯಲ್ಲೇ ಹೇಳಿಕೊಂಡು ನಡೆಸುತ್ತಿದ್ದಳು. ಅಂಚಿನಲ್ಲಿ ಅವನು ಕಣ್ಣು ಮುಚ್ಚಿ ಮೀಸೆ ಒರೆಸುವಷ್ಟರಲ್ಲಿ ಪಕ್ಕದಿಂದ ಮೆಲ್ಲನೆ ಜಾರಿಸಿಬಿಡುತ್ತಿದ್ದಳು. ಅಮ್ಮನೂ ಯತ್ನಿಸಿದಳು. ಒಂಬತ್ತು ಸಲ ದೀಪ ಆರಿತು. ಸದ್ದು ಕೇಳಿದ್ದೇ ತಡ, ಅವಳ ಹೆಬ್ಬೆರಳು ತಾನಾಗಿ ಹಾರುವ ಗುಂಡಿ ಒತ್ತಿಬಿಡುತ್ತಿತ್ತು.

“ಅಮ್ಮಾ, ಅವ್ನು ನಿನ್ನ ನೋಡ್ತಾನೇ ಇಲ್ಲ. ನೀನೇ ಎಗರಿ ಎಗರಿ ಕರೀತೀಯ,” ಎಂದಳು ಮಗಳು, ತುಂಬ ಬೇಸರದಿಂದ.

ಒಂದು ವಾರ ಕಳೆದಿರಬಹುದು. ಮಧ್ಯಾಹ್ನ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು, ಮಗಳು ನೆಲದ ಮೇಲೆ ಕೂತು ಆಡುತ್ತಿದ್ದಳು. ಜಾಲರಿಯ ಮೂಲೆಯೊಂದು ಬಿಟ್ಟುಕೊಂಡಿದ್ದು ಮೂರು ಮೂರು ಸಲ ನೋಡಿದ ಕಣ್ಣಿಗೂ ಬಿದ್ದಿರಲಿಲ್ಲ. ತಲೆಯೆತ್ತಿದಾಗ ಮಗಳ ಭುಜದ ಮೇಲೆ ಕಣಜ ಕೂತಿತ್ತು.

ಅಮ್ಮ ಮಡಚುತ್ತಿದ್ದ ಟವೆಲನ್ನು ಎತ್ತಿದಳು. ಕೈ ತಲೆಯ ಮೇಲಿತ್ತು, ಒಂದು ಹೆಜ್ಜೆ ಮುಂದೆ ಬಿದ್ದಿತ್ತು.

“ಅಮ್ಮಾ, ಹಾರ್ಬೇಡ.” ಮಗಳ ತುಟಿಯಷ್ಟೇ ಅಲುಗಿತು. “ತಿರುಗ್ತಾನೆ, ಇರು.”

ಕಣಜ ತೋಳಿನಗುಂಟ ಇಳಿಯಿತು. ಅಂಗಿಯ ತೋಳು ಮುಗಿದು ಬರಿಮೈ ಶುರುವಾಗುವ ಅಂಚಿಗೆ ಬಂದು ನಿಂತಿತು. ಮುಂಗಾಲೆತ್ತಿ ಮೀಸೆ ಒರೆಸಿಕೊಂಡಿತು, ಒಂದು, ಆಮೇಲೆ ಇನ್ನೊಂದು. ತಿರುಗಿತು. ಮತ್ತೆ ಭುಜ. ಕಾಲರಿನ ಮೇಲೆ, ಕಿವಿಯ ಕೆಳಗೆ, ಎಳೆಯ ನರ ಮಿಡಿಯುವ ಜಾಗದಿಂದ ಒಂದು ಬೆರಳು ದೂರದಲ್ಲಿ ಮತ್ತೆ ನಿಂತಿತು. ಟವೆಲ್ ಹಿಡಿದ ಕೈ ಮೇಲೆಯೇ ಇತ್ತು. ಇಳಿಸಿದರೂ ಅಲುಗಿದಂತಾಗುತ್ತದೆಂದು ಇಳಿಸುವುದಕ್ಕೂ ಹೆದರಿ, ಕೈಚೀಲ ಕುರ್ಚಿಯ ಮೇಲೆಷ್ಟು ದೂರವಿದೆಯೆಂದು ಕಣ್ಣಲ್ಲೇ ಅಳೆಯುತ್ತ ಅವಳು ನಿಂತಳು. ಪರದೆಯಲ್ಲಿ ಟಕ್, ಟಕ್, ಚರ್ರ್. ತನ್ನ ಬದುಕಿನಲ್ಲಿ ಅವಳು ಮಾಡಿದ ಅತಿ ಕಷ್ಟದ ಕೆಲಸ ಆ ನಿಂತದ್ದು.

ಕಣಜ ಎದ್ದು ಕಿಟಕಿಯ ಗಾಜಿಗೆ ಹೋಗಿ ಬಡಿಯಿತು. ಮಗಳನ್ನು ಕೋಣೆಯೊಳಗೆ ಕಳಿಸಿ ಬಾಗಿಲೆಳೆದುಕೊಂಡು, ಗಾಜು ಸರಿಸಿ, ವರ್ಷದಿಂದ ಮುಚ್ಚಿದ್ದ ಆ ಕಿಟಕಿಯ ಜಾಲರಿಯನ್ನು ಅವಳೇ ಬಿಚ್ಚಿದಳು. ಕಣಜ ಹೊರಗೆ ಹೋಯಿತು. ಆಮೇಲೆ ಬಟ್ಟೆಯ ರಾಶಿಯ ಮೇಲೆ ಕೂತಳು. ಕೋಣೆಯಿಂದ ಮಗಳು ಕೇಳಿದಳು: “ಅಮ್ಮಾ, ಹೋದ್ನಾ? ನನ್ ದೀಪ ಇದೆ ಅಲ್ವಾ?”

ಆಟ ಅಳಿಯಲಿಲ್ಲ. ಗುಮಾಸ್ತ ಇವತ್ತಿಗೂ ನಡೆಯುತ್ತಿದ್ದಾನೆ; ಆ ಸದ್ದಿಗೆ ಅಮ್ಮನ ಎದೆ ಇವತ್ತಿಗೂ ಹೊಡೆದುಕೊಳ್ಳುತ್ತದೆ. ಅವನಂಥವರ ಕುಲವೇ ಹಾಗೆ. ಅವರಿಗೆ ನಮ್ಮ ಮೇಲೆ ಹಗೆಯಿಲ್ಲ, ಆದ್ದರಿಂದ ಬೇಡಿಕೊಂಡರೆ ಕರಗುವ ದಯೆಯೂ ಇಲ್ಲ. ಪಾಪದವರೆಂದು ಮೈಮರೆಯುವಂತಿಲ್ಲ, ಪಾಪಿಗಳೆಂದು ಕೈಯೆತ್ತುವಂತಿಲ್ಲ. ತಮ್ಮ ಏಳು ಹೆಜ್ಜೆಯನ್ನು ಅವರು ನಡೆಯುತ್ತಲೇ ಇರುತ್ತಾರೆ. ಅಂಚಿನಲ್ಲಿ ನಿಂತು ಅವರು ಮೀಸೆ ಒರೆಸಿಕೊಳ್ಳುವಷ್ಟು ಹೊತ್ತು ನಮಗೆ ಸಿಗುತ್ತದೆ, ಅಷ್ಟರಲ್ಲೇ ಮಕ್ಕಳನ್ನು ಬೆಳೆಸಬೇಕು.